ನಾಲ್ಕು ಮೈಲಿ ಕಡಿಮೆ ಬಿದ್ದ ದಾರಿ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ, ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ನಾನು ಲೇಖಕನಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಕನ್ನಡದಲ್ಲಿ ನಾಲ್ಕು ಪುಟ ಬರೆದು ಎಷ್ಟೋ ವರ್ಷಗಳಾಗಿವೆ. ಆದರೆ ಅದೇ ವಾರ, 2025ರ ಆಗಸ್ಟ್ ತಿಂಗಳಲ್ಲಿ, ಒಂದು ಸಾವಿನ ಸುದ್ದಿ ಓದಿದೆ. ಗ್ರೂಪ್ ಕ್ಯಾಪ್ಟನ್ ದಿಲೀಪ್ ಪಾರುಲ್ಕರ್, ಭಾರತೀಯ ವಾಯುಸೇನೆಯ ನಿವೃತ್ತ ಪೈಲಟ್, 82ನೇ ವಯಸ್ಸಿನಲ್ಲಿ ಪುಣೆಯ ಬಳಿ ಆಗಸ್ಟ್ 10ರಂದು ತೀರಿಕೊಂಡರು. ಸುದ್ದಿಯ ಎರಡನೇ ಸಾಲು ಓದುವಷ್ಟರಲ್ಲಿ ನಾನು ನಮ್ಮ ಶಾಲೆಯ ಒಂಬತ್ತನೇ ತರಗತಿಯ ಕೋಣೆಗೆ ವಾಪಸ್ಸು ಹೋಗಿದ್ದೆ. ಈ ಮನುಷ್ಯನ ಕಥೆ ನನಗೆ ಮೊದಲು ಗೊತ್ತಾದದ್ದು ಅಲ್ಲಿ.

2003ರಲ್ಲಿ ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಆ ಕಾಲದ ವಿದ್ಯಾರ್ಥಿಗಳಿಗೆ ಆ ಕೋಣೆಯ ನಕ್ಷೆ ನೆನಪಿರಬಹುದು. ಕಪ್ಪು ಹಲಗೆಯ ಪಕ್ಕ ಮೊಳೆಗೆ ತೂಗುಹಾಕಿದ್ದ, ಬಟ್ಟೆಯ ಬೆನ್ನಿನ, ಕೆಳಗಿನ ಕೋಲು ಕಿತ್ತುಹೋಗಿದ್ದ ಕರ್ನಾಟಕದ ನಕ್ಷೆ. ಅದರಲ್ಲಿ 20 ಜಿಲ್ಲೆಗಳಿದ್ದವು. ಆದರೆ 1997ರಲ್ಲೇ ಏಳು ಹೊಸ ಜಿಲ್ಲೆಗಳಾಗಿ ರಾಜ್ಯದಲ್ಲಿ 27 ಜಿಲ್ಲೆ ಆಗಿದ್ದವು. ನಮ್ಮ ಹಾವೇರಿ ಜಿಲ್ಲೆಯೇ ಆ ನಕ್ಷೆಯಲ್ಲಿ ಇರಲಿಲ್ಲ, ನಾವಿನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದೆವು. ಒಂದು ದಿನ ಸರ್ ಒಬ್ಬ ಹುಡುಗನನ್ನು ಕರೆದು "ನಿನ್ನ ಜಿಲ್ಲಾ ತೋರಿಸು" ಅಂದರು. ಅವನು ಕೋಲು ಹಿಡಿದು ಹುಡುಕಿದ್ದೇ ಹುಡುಕಿದ್ದು. ತರಗತಿಯೆಲ್ಲ ನಕ್ಕಿತು. ಸರ್ ಕೂಡ ನಕ್ಕರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ನಕ್ಷೆಯ ಮೇಲೆ ತಮ್ಮ ಕೈಯಾರೆ ಹಾವೇರಿ, ಗದಗ ಜಿಲ್ಲೆಗಳ ಗಡಿ ಎಳೆದರು. "ನಕ್ಷಾ ಹಳೇದಾದರ ಸುಮ್ಮನ ನಗಬಾರದು. ಹಳೇ ನಕ್ಷಾ ನಂಬಿ ಮೂರು ಮಂದಿ ಸಿಕ್ಕಿಬಿದ್ದಾರ" ಎಂದು ಶುರು ಮಾಡಿದರು.

ಸಮಾಜ ವಿಜ್ಞಾನ ಕಲಿಸುತ್ತಿದ್ದ ಆ ಸರ್ ಇಂದು ನಮ್ಮೊಂದಿಗಿಲ್ಲ. ಹೆಸರು ಬರೆಯದಿದ್ದರೂ ಕೆಂಪು ಪೆನ್ನು ಎಂದ ಕೂಡಲೇ ಅವರ ವಿದ್ಯಾರ್ಥಿಗಳಿಗೆಲ್ಲ ಗೊತ್ತಾಗುತ್ತದೆ. ಅವರ ಅಣ್ಣ ವಾಯುಸೇನೆಯಲ್ಲಿ ಏರ್‌ಮನ್ ಆಗಿದ್ದರು, ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಪಡೆದವರು. ಈ ಕಥೆ ಸರ್ ಅವರಿಗೆ ಅಣ್ಣನ ಬಾಯಿಂದ ಬಂದದ್ದು. ನಮಗೆ ಸರ್ ಬಾಯಿಂದ ಬಂತು. ಪಾರುಲ್ಕರ್ ತೀರಿಕೊಂಡ ಮೇಲೆ ನಾನು ಪುಸ್ತಕ, ಪತ್ರಿಕೆ ತೆಗೆದು ಕಥೆಯನ್ನು ಮತ್ತೆ ಸರಿಯಾಗಿ ಓದಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಪಾರುಲ್ಕರ್ 1965ರ ಯುದ್ಧದಲ್ಲೇ ಹೆಸರು ಮಾಡಿದ್ದ ಪೈಲಟ್. ಆಗ ಅವರಿಗೆ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸು. ಶತ್ರುವಿನ ಗುಂಡು ವಿಮಾನಕ್ಕೆ ತಗುಲಿತು, ಅವರ ತೋಳಿಗೂ ಗಾಯವಾಯಿತು. ಹೊರಗೆ ಹಾರಿಬಿಡು ಎಂದು ತಂಡದ ನಾಯಕರು ಹೇಳಿದರೂ ಅವರು ಆ ಹಾಳಾದ ವಿಮಾನವನ್ನು ನೆಲೆಗೆ ವಾಪಸ್ಸು ತಂದರು. ಅದಕ್ಕೆ ವಾಯುಸೇನಾ ಪದಕ ಬಂತು. 1971ರ ಡಿಸೆಂಬರ್ 3ರಂದು ಮತ್ತೆ ಯುದ್ಧ ಶುರುವಾದಾಗ ಅವರು ಫ್ಲೈಟ್ ಲೆಫ್ಟಿನೆಂಟ್. 26ನೇ ಸ್ಕ್ವಾಡ್ರನ್‌ನಲ್ಲಿ ಸುಖೋಯ್-7 ವಿಮಾನ ಹಾರಿಸುತ್ತಿದ್ದರು. ಸೆರೆ ಸಿಕ್ಕರೆ ತಪ್ಪಿಸಿಕೊಂಡು ಬರುತ್ತೇನೆ ಎಂದು ತಮ್ಮ ಕಮಾಂಡಿಂಗ್ ಅಧಿಕಾರಿಗೆ ಮೊದಲೇ ಹೇಳಿಟ್ಟಿದ್ದರಂತೆ. ಡಿಸೆಂಬರ್ 10ರಂದು ಪಾಕಿಸ್ತಾನದ ನೆಲದ ಮೇಲೆ ಅವರ ವಿಮಾನ ಹೊಡೆದುರುಳಿಸಲ್ಪಟ್ಟಿತು. ಪ್ಯಾರಾಚೂಟ್‌ನಲ್ಲಿ ಇಳಿದ ಅವರು ಸೆರೆಯಾದರು.

ಯುದ್ಧ 14 ದಿನಗಳಲ್ಲಿ ಮುಗಿಯಿತು. ಆದರೆ ಸೆರೆಯಾಳುಗಳ ಬಿಡುಗಡೆ ಆಗಲಿಲ್ಲ. ಭಾರತದ ಕೈಯಲ್ಲಿ ಪಾಕಿಸ್ತಾನದ ಸುಮಾರು 93,000 ಜನ ಸೆರೆಯಲ್ಲಿದ್ದರು. ರಾವಲ್ಪಿಂಡಿಯ ಒಂದು ಶಿಬಿರದಲ್ಲಿ ನಮ್ಮ ವಾಯುಸೇನೆಯ 12 ಅಧಿಕಾರಿಗಳಿದ್ದರು. 1972ರ ಜುಲೈ 2ರಂದು ಶಿಮ್ಲಾ ಒಪ್ಪಂದವಾಯಿತು, ಆದರೂ ಮನೆಗೆ ಹೋಗುವ ದಿನ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಪಾರುಲ್ಕರ್ ಕಾಯಲು ಸಿದ್ಧರಿರಲಿಲ್ಲ. ಜೊತೆಗೆ ಫ್ಲೈಟ್ ಲೆಫ್ಟಿನೆಂಟ್ ಮಲವಿಂದರ್ ಸಿಂಗ್ ಗ್ರೇವಾಲ್ ಮತ್ತು ಫ್ಲೈಯಿಂಗ್ ಆಫೀಸರ್ ಹರೀಶ್ ಸಿನ್ಹ್‌ಜಿ ಸೇರಿದರು.

ಸಿದ್ಧತೆಗೆ ತಿಂಗಳುಗಳೇ ಹಿಡಿದವು. ಕತ್ತರಿ, ಚಾಕುವಿನಂಥ ಸಣ್ಣ ಸಾಮಾನುಗಳಿಂದ ಕೋಣೆಯ ಗೋಡೆಯ ಇಟ್ಟಿಗೆಗಳ ಸುತ್ತಲಿನ ಗಾರೆಯನ್ನು ರಾತ್ರಿ ಹೊತ್ತು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದರು. ಹೊಲಿಗೆಯ ಸೂಜಿಯನ್ನು ಅಯಸ್ಕಾಂತವಾಗಿಸಿ ದಿಕ್ಸೂಚಿ ಮಾಡಿಕೊಂಡರು. 1949ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧಕೈದಿಗಳಿಗೂ ಪ್ರತಿ ತಿಂಗಳು ಮುಂಗಡ ಸಂಬಳ ಕೊಡಬೇಕು. ಮೇಜರ್ ಹುದ್ದೆಗಿಂತ ಕೆಳಗಿನ ಅಧಿಕಾರಿಗೆ ಅದು 50 ಸ್ವಿಸ್ ಫ್ರಾಂಕ್‌ಗೆ ಸಮನಾದ ಮೊತ್ತ. ಆ ಹಣದಲ್ಲಿ ಉಳಿಸಿದ್ದೇ ದಾರಿ ಖರ್ಚಿಗೆ. ಒಳಗಿದ್ದ ಉಳಿದವರು ತಮಗೆ ತೊಂದರೆಯಾಗುತ್ತದೆಂದು ಗೊತ್ತಿದ್ದೂ ಸುಳಿವು ಬಿಟ್ಟುಕೊಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಭಾರತ ಇರುವುದು ರಾವಲ್ಪಿಂಡಿಯ ಪೂರ್ವಕ್ಕೆ. ಇವರು ಹೊರಟದ್ದು ಪಶ್ಚಿಮಕ್ಕೆ. ಯಾಕೆ? ಪೂರ್ವದ ಗಡಿಯಲ್ಲಿ ಎರಡೂ ದೇಶದ ಸೇನೆಗಳು ಇನ್ನೂ ಮುಖಾಮುಖಿ ನಿಂತಿದ್ದವು, ನೆಲದ ತುಂಬ ಮೈನ್‌ಗಳು. ಪಶ್ಚಿಮಕ್ಕೆ ಪೇಶಾವರ, ಅಲ್ಲಿಂದ ಖೈಬರ್ ಕಣಿವೆ ದಾಟಿದರೆ ಅಫ್ಘಾನಿಸ್ತಾನ. ಆಗ ಅಲ್ಲಿ ಜಾಹಿರ್ ಷಾ ಅರಸನ ಆಳ್ವಿಕೆ, ಯುದ್ಧದಲ್ಲಿ ಯಾರ ಪಕ್ಷವೂ ಅಲ್ಲದ ದೇಶ. ದೂರವಾದರೂ ಬಸ್ಸು ಸಿಗುವ ದಾರಿ. ಸರ್ ಇದನ್ನು ಹೇಳುವಾಗ ಗೋಡೆಯ ಮೇಲೆ ಬರಿಗೈಯಲ್ಲೇ ನಕ್ಷೆ ಬಿಡಿಸಿದ್ದರು. ಪಾಕಿಸ್ತಾನದ ನಕ್ಷೆ ನಮ್ಮ ಶಾಲೆಯಲ್ಲಿ ಇರಲಿಲ್ಲ.

1972ರ ಆಗಸ್ಟ್ 12ರ ರಾತ್ರಿ ಕಳೆದು 13 ಆಗುತ್ತಿದ್ದ ಹೊತ್ತಿನಲ್ಲಿ ಗಾಳಿಮಳೆ ಎದ್ದಿತ್ತು. ಮೂವರೂ ಕಿಂಡಿಯಿಂದ ನುಸುಳಿ, ಪಕ್ಕದ ಆವರಣ ದಾಟಿ, ಗೋಡೆ ಹಾರಿ ರಸ್ತೆಗೆ ಇಳಿದರು. ತಡರಾತ್ರಿಯ ಸಿನಿಮಾ ಬಿಟ್ಟು ಜನ ಮನೆಗೆ ಹೋಗುತ್ತಿದ್ದರು. ಆ ಗುಂಪಿನಲ್ಲಿ ಇವರೂ ಸೇರಿಕೊಂಡರು. ಬಸ್ಸು ಹತ್ತಿ ಪೇಶಾವರ ತಲುಪಿದರು. ಅಲ್ಲಿಂದ ಜಮ್ರೂದ್, ಜಮ್ರೂದ್‌ನಿಂದ ಮತ್ತೆ ಬಸ್ಸಿನಲ್ಲಿ ಖೈಬರ್ ಕಣಿವೆಯೊಳಗಿನ ಲಂಡಿ ಕೋತಲ್. ಬೆಳಗಾಗುವಷ್ಟರಲ್ಲಿ 200 ಕಿಲೋಮೀಟರಿಗೂ ಹೆಚ್ಚು ದೂರ ಬಂದಾಗಿತ್ತು. ಯಾರಾದರೂ ಕೇಳಿದರೆ ಹೇಳಲು ಹೆಸರುಗಳೂ ಸಿದ್ಧವಿದ್ದವು. ತಾವು ಪಾಕಿಸ್ತಾನ ವಾಯುಸೇನೆಯ ಕ್ರಿಶ್ಚಿಯನ್ ನೌಕರರು, ರಜೆಯ ಮೇಲೆ ಊರು ನೋಡಲು ಬಂದವರು ಎಂದು. ಪಾರುಲ್ಕರ್ ಹೆಸರು ಫಿಲಿಪ್ ಪೀಟರ್, ಸಿನ್ಹ್‌ಜಿ ಹೆಸರು ಹೆರಾಲ್ಡ್ ಜೇಕಬ್.

ಗಡಿ ಇನ್ನು ನಾಲ್ಕೈದು ಮೈಲಿ. ಅವರು ನೋಡಿಕೊಂಡಿದ್ದ ನಕ್ಷೆಯಲ್ಲಿ ಗಡಿಯ ಹತ್ತಿರದ ಕೊನೆಯ ರೈಲು ನಿಲ್ದಾಣ ಲಂಡಿ ಖಾನಾ. ಲಂಡಿ ಕೋತಲ್‌ನ ಬೀದಿಯಲ್ಲಿ ಚಹಾ ಕುಡಿದು "ಲಂಡಿ ಖಾನಾ ಇಲ್ಲಿಂದ ಎಷ್ಟು ದೂರ?" ಎಂದು ಕೇಳಿದರು.

ಆ ಪ್ರಶ್ನೆಯೇ ಅವರನ್ನು ಹಿಡಿದುಕೊಟ್ಟಿತು. ಬ್ರಿಟಿಷರು ಖೈಬರ್ ರೈಲುಮಾರ್ಗವನ್ನು 1925ರ ನವೆಂಬರ್‌ನಲ್ಲಿ ಲಂಡಿ ಕೋತಲ್‌ವರೆಗೆ ತೆರೆದಿದ್ದರು. ಬೆಟ್ಟ ಕೊರೆದು 34 ಸುರಂಗ ಮಾಡಿದ ಮಾರ್ಗವದು. 1926ರ ಏಪ್ರಿಲ್‌ನಲ್ಲಿ ಅದನ್ನು ಲಂಡಿ ಖಾನಾದವರೆಗೆ ಮುಂದುವರಿಸಿದರು. ಆದರೆ 1932ರ ಡಿಸೆಂಬರ್‌ನಲ್ಲಿ ಆ ಕೊನೆಯ ತುಂಡನ್ನು ಮುಚ್ಚಿಬಿಟ್ಟರು. ಅಂದರೆ ಮೂವರು ಯುವಕರು ಕೇಳುತ್ತಿದ್ದದ್ದು ತಾವು ಹುಟ್ಟುವ ಮೊದಲೇ, ನಲವತ್ತು ವರ್ಷಗಳ ಹಿಂದೆಯೇ ಮುಚ್ಚಿಹೋದ ನಿಲ್ದಾಣವನ್ನು. ಸ್ಥಳದವರು ಯಾರೂ ಕೇಳದ ಪ್ರಶ್ನೆ. ತಹಸೀಲ್ದಾರ್ ಕಚೇರಿಯ ಗುಮಾಸ್ತನೊಬ್ಬನಿಗೆ ಸಂಶಯ ಬಂತು. ಬಾಂಗ್ಲಾದೇಶ ಆದಮೇಲೆ ಪಾಕಿಸ್ತಾನದಲ್ಲಿ ಸಿಕ್ಕಿಕೊಂಡಿದ್ದ ಬಂಗಾಳಿಗಳು ಇದೇ ದಾರಿಯಲ್ಲಿ ಅಫ್ಘಾನಿಸ್ತಾನಕ್ಕೆ ಓಡುತ್ತಿದ್ದ ಕಾಲ. ಇವರೂ ಅಂಥವರೇ ಎಂದುಕೊಂಡು ಹಿಡಿದು ತಹಸೀಲ್ದಾರರ ಮುಂದೆ ನಿಲ್ಲಿಸಿದರು.

ಅದು ಬುಡಕಟ್ಟು ಸೀಮೆ. ಗುರುತು ಇಲ್ಲದ ಮೂವರು ಅಲ್ಲಿ ಕಾಣೆಯಾದರೆ ಕೇಳುವವರಿರಲಿಲ್ಲ. ಪಾರುಲ್ಕರ್ ಅವರ ಬುದ್ಧಿ ಆ ಗಳಿಗೆಯಲ್ಲಿ ಕೆಲಸ ಮಾಡಿತು. ಪಾಕಿಸ್ತಾನ ವಾಯುಸೇನಾ ಮುಖ್ಯಸ್ಥರ ಎಡಿಸಿಗೆ ಫೋನ್ ಮಾಡಲು ಬಿಡಿ ಎಂದು ಕೇಳಿಕೊಂಡರು. ಆ ಎಡಿಸಿ ಸ್ಕ್ವಾಡ್ರನ್ ಲೀಡರ್ ಉಸ್ಮಾನ್. ಹಿಂದೆ ಇವರ ಸೆರೆಶಿಬಿರದ ಉಸ್ತುವಾರಿ ನೋಡಿಕೊಂಡಿದ್ದ, ಸೆರೆಯಾಳುಗಳನ್ನು ಮನುಷ್ಯರಂತೆ ಕಂಡಿದ್ದ ಅಧಿಕಾರಿ. ಫೋನಿನಲ್ಲಿ ಪಾರುಲ್ಕರ್ ಸೂಚ್ಯವಾಗಿ ಹೇಳಿದ್ದು ಅವರಿಗೆ ಅರ್ಥವಾಯಿತು. ಈ ಮೂವರನ್ನು ಇಟ್ಟುಕೊಳ್ಳಿ, ಆದರೆ ಮೈಗೆ ಪೆಟ್ಟಾಗಬಾರದು ಎಂದು ತಹಸೀಲ್ದಾರರಿಗೆ ತಾಕೀತು ಮಾಡಿದರು. ಮೂವರ ಜೀವ ಉಳಿಯಿತು.

ಸರ್ ಇಲ್ಲಿ ಒಂದು ನಿಮಿಷ ಕಥೆ ನಿಲ್ಲಿಸಿ ನಮ್ಮ ಕೊಡಗಿನ ಕಡೆಯದೊಂದು ಮಾತು ಹೇಳಿದ್ದರು. 1965ರ ಯುದ್ಧದ ಕೊನೆಯಲ್ಲಿ ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನ ವಿಷಯದಲ್ಲಿ ಸಹಾಯ ಮಾಡುವ ಸೂಚನೆ ಬಂದಾಗ ತಂದೆ ಒಪ್ಪಲಿಲ್ಲ. ಎಲ್ಲ ಸೆರೆಯಾಳುಗಳನ್ನೂ ಚೆನ್ನಾಗಿ ನೋಡಿಕೊಳ್ಳಿ, ನನ್ನ ಮಗನಿಗೆಂದು ಬೇರೆ ಏನೂ ಬೇಡ ಎಂಬುದು ಅವರ ಉತ್ತರದ ಸಾರ. ಆ ಮಗ ಮುಂದೆ ಬಿಡುಗಡೆಯಾಗಿ ಬಂದು ಏರ್ ಮಾರ್ಷಲ್ ಹುದ್ದೆಗೇರಿದರು. ಯುದ್ಧ ನಡೆಯುವಾಗಲೂ ಕೆಲವು ನಿಯಮ, ಕೆಲವು ಮನುಷ್ಯತ್ವ ಉಳಿದಿರುತ್ತದೆ ಎಂಬುದನ್ನು ನಾವು ಕಲಿತದ್ದು ಆ ಒಂದು ಪೀರಿಯಡ್‌ನಲ್ಲಿ.

ಸಿಕ್ಕಿಬಿದ್ದವರಿಗೆ ಏನಾಯಿತು? ಏಕಾಂತ ಸೆರೆ ಅನುಭವಿಸಿದರು. ಯುದ್ಧಕೈದಿ ತಪ್ಪಿಸಿಕೊಳ್ಳಲು ಯತ್ನಿಸುವುದನ್ನು ಜಿನೀವಾ ಒಪ್ಪಂದ ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ. ಸಿಕ್ಕಿಬಿದ್ದರೆ ಶಿಸ್ತಿನ ಕ್ರಮ ಮಾತ್ರ, ಅದೂ 30 ದಿನ ಮೀರುವಂತಿಲ್ಲ. ನಿಜವಾಗಿ ತಪ್ಪಿಸಿಕೊಂಡು ತನ್ನ ಸೇನೆ ಸೇರಿದವನು ಮತ್ತೆ ಎಂದಾದರೂ ಸೆರೆಯಾದರೆ ಹಳೆಯದಕ್ಕೆ ಶಿಕ್ಷೆಯೇ ಇಲ್ಲ. ಮುಂದೆ ಇವರನ್ನು ಲಾಯಲ್ಪುರದ ಶಿಬಿರಕ್ಕೆ ಸಾಗಿಸಿದರು, ಇಂದಿನ ಫೈಸಲಾಬಾದ್ ಅದು. 1972ರ ಡಿಸೆಂಬರ್ 1ರಂದು ವಾಘಾ ಗಡಿಯಲ್ಲಿ ಎಲ್ಲರ ಬಿಡುಗಡೆಯಾಯಿತು. ಗೋಡೆ ಕೊರೆದವರೂ, ಕೊರೆಯದವರೂ ಒಂದೇ ದಿನ ಮನೆಗೆ ಬಂದರು.

ತರಗತಿಗೆ ಈ ಮುಕ್ತಾಯ ಹಿಡಿಸಲಿಲ್ಲ. ಗಡಿ ದಾಟಿ ಕಾಬೂಲಿಗೆ ಹೋಗಿ ವಿಮಾನ ಹತ್ತಿ ಬಂದರು ಎಂದು ಸರ್ ಹೇಳುತ್ತಾರೆಂದು ನಾವು ಬಾಯಿ ತೆರೆದು ಕೂತಿದ್ದೆವು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಎದ್ದು ನಿಂತು ಕೇಳಿಯೇಬಿಟ್ಟ. "ಹಂಗಾರ ಗ್ವಾಡಿ ಕೊರದಿದ್ದು ಏನ್ ಉಪಯೋಗ ಆತ್ರೀ ಸರ? ಸುಮ್ಮನ ಕುಂತಿದ್ರೂ ಡಿಸೆಂಬರ್‌ಗೆ ಬಿಡ್ತಿದ್ರಲ್ಲ."

ಸರ್ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಅವನನ್ನೇ ನೋಡಿದರು. "ಡಿಸೆಂಬರ್‌ಗೆ ಬಿಡ್ತಾರ ಅಂತ ಆಗಸ್ಟ್‌ನ್ಯಾಗ ಅವರಿಗೆ ಗೊತ್ತಿತ್ತೇನು? ನಾಲ್ಕು ಮೈಲಿ ಕಡಿಮಿ ಬಿತ್ತು ಅಂದ್ರ, ನಡದ ಮೈಲಿ ಸುಳ್ಳಾಗೂದಿಲ್ಲೋ ತಮ್ಮ" ಅಂದರು. ಗಂಟೆ ಹೊಡೆಯಿತು.

ಆ ಗೆಳೆಯ 2005ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಕೆಲವೇ ಅಂಕ ಕಡಿಮೆ ಬಿದ್ದಿತ್ತು. ಮತ್ತೊಮ್ಮೆ ಕಟ್ಟಲಿಲ್ಲ, ಮನೆಯಲ್ಲಿ ಕಟ್ಟಿಸುವವರಿರಲಿಲ್ಲ. ನಾನು ಪಾಸಾಗಿ ಪಿಯುಸಿಗೆ ಹೋದೆ, ಮುಂದೆ ಬಿ.ಇ. ಆಯಿತು. ಅವನು ಮೋಟಾರ್ ರಿವೈಂಡಿಂಗ್ ಕೆಲಸ ಕಲಿತ. ಇವತ್ತು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೋರಿನ ಪಂಪ್‌ಸೆಟ್ ಸುಟ್ಟರೆ ಅವನ ಅಂಗಡಿಗೇ ತರುತ್ತಾರೆ. ಬೇಸಿಗೆಯಲ್ಲಿ ಬೆಳೆ ಒಣಗುವ ಹೊತ್ತಿನಲ್ಲಿ ರಾತ್ರಿಯೆಲ್ಲ ಕೂತು ತಾಮ್ರದ ತಂತಿ ಸುತ್ತಿ ಬೆಳಗ್ಗೆ ಮೋಟಾರ್ ಕೊಟ್ಟ ದಿನಗಳು ಎಷ್ಟೋ. ನಮ್ಮ ಹೊಲದ ಮೋಟಾರನ್ನೂ ಎರಡು ಸಲ ಅವನೇ ಉಳಿಸಿದ್ದಾನೆ.

ಪಾರುಲ್ಕರ್ ಸುದ್ದಿ ಓದಿದ ರಾತ್ರಿ ಅವನಿಗೆ ಫೋನ್ ಮಾಡಿದೆ. "ಲಂಡಿ ಖಾನಾ ನೆನಪೈತೇನೋ?" ಎಂದೆ. ಒಂದು ಕ್ಷಣವೂ ತಡೆಯದೆ "ಕೆಂಪು ಪೆನ್ನು" ಎಂದ. ಇಬ್ಬರೂ ನಕ್ಕೆವು. ಆಮೇಲೆ ಸುವರ್ಣ ಮಹೋತ್ಸವಕ್ಕೆ ಬರುತ್ತೀಯಲ್ಲ ಎಂದು ಕೇಳಿದೆ. ಅವನು ಮಾತು ಬದಲಿಸಿದ. ಮತ್ತೆ ಕೇಳಿದಾಗ, "ಪಾಸಾದೋರ ಹಬ್ಬ ಅದು, ನಾ ಬಂದು ಏನ್ ಮಾಡ್ಲಿ" ಎಂದ. ಶಾಲೆಯಿಂದ ಅರ್ಧ ಮೈಲಿ ದೂರದಲ್ಲಿ ಅವನ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಅವನು ಶಾಲೆಯ ಗೇಟಿನೊಳಗೆ ಕಾಲಿಟ್ಟಿಲ್ಲ ಎಂಬುದು ನನಗೆ ಅಂದೇ ಗೊತ್ತಾದದ್ದು. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ನನ್ನ ಕೆಲಸದಲ್ಲಿ ಹಳೆಯ ಮಾಹಿತಿ ಎಷ್ಟು ಕಾಡುತ್ತದೆ ಎಂಬುದು ದಿನವೂ ಅನುಭವಕ್ಕೆ ಬರುತ್ತದೆ. ಒಮ್ಮೆ ಮುಚ್ಚಿಹೋದ ಗೋದಾಮಿನ ಹೆಸರನ್ನು ಪಟ್ಟಿಯಿಂದ ತೆಗೆಯಲು ನಾನೇ ಮರೆತು, ಸರಕೆಲ್ಲ ಆ ಬೀಗ ಹಾಕಿದ ಬಾಗಿಲಿಗೆ ಹೊರಟಿತ್ತು. ಪ್ರೋಗ್ರಾಮ್‌ನಲ್ಲಿ ತಪ್ಪಿರಲಿಲ್ಲ, ಪಟ್ಟಿ ಹಳೆಯದಿತ್ತು. ಅಂದು ಲಂಡಿ ಖಾನಾ ನೆನಪಾಗಿತ್ತು. ಆದರೆ ಗೆಳೆಯನ ವಿಷಯದಲ್ಲಿ ನಾವೆಲ್ಲ ಹಿಡಿದುಕೊಂಡಿರುವುದೂ ಹಳೆಯ ಪಟ್ಟಿಯೇ. 2005ರ ಫಲಿತಾಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಏನಿತ್ತೋ ಅದನ್ನೇ ಅವನು ಇಂದಿಗೂ ಓದುತ್ತಿದ್ದಾನೆ, ನಾವು ತಿದ್ದಲಿಲ್ಲ.

ಪಾರುಲ್ಕರ್ ಅವರನ್ನು ದೇಶ ಹೇಗೆ ನೆನೆಯಿತು ನೋಡಿ. ಅವರು ವಾಪಸ್ಸು ಬಂದು ಮತ್ತೆ ವಾಯುಸೇನೆಯ ಕೆಲಸ ಮುಂದುವರಿಸಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕೆಡೆಟ್‌ಗಳನ್ನು ತಿದ್ದಿದರು, 1983ರಲ್ಲಿ ವಿಶಿಷ್ಟ ಸೇವಾ ಪದಕ ಪಡೆದರು, ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರಾದರು. ಫೇಯ್ತ್ ಜಾನ್‌ಸ್ಟನ್ ಎಂಬ ಲೇಖಕಿ ಈ ಸಾಹಸದ ಮೇಲೆ 'ಫೋರ್ ಮೈಲ್ಸ್ ಟು ಫ್ರೀಡಮ್' ಎಂಬ ಪುಸ್ತಕ ಬರೆದರು. ಸಿನಿಮಾ ಕೂಡ ಬಂತು. ಅವರು ತೀರಿಕೊಂಡಾಗ ಸುದ್ದಿಯ ಮೊದಲ ಸಾಲುಗಳಲ್ಲೇ ಬಂದದ್ದು ಗಡಿ ಮುಟ್ಟದ ಆ ಪ್ರಯತ್ನ. ನಾಲ್ಕು ಮೈಲಿ ಕಡಿಮೆ ಬಿದ್ದದ್ದನ್ನು ಯಾರೂ ಸೋಲು ಎಂದು ಬರೆಯಲಿಲ್ಲ.

ಸರ್ ಹೇಳಿದ ಕಥೆಯಲ್ಲೂ ಒಂದು ತಪ್ಪಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೂವರೂ ರೈಲಿನಲ್ಲಿ ಹೋದರು ಎಂದು ಅವರು ಹೇಳಿದ್ದು ನನಗೆ ಸ್ಪಷ್ಟ ನೆನಪಿದೆ. ನಿಜಕ್ಕೆ ಅವರು ಹೋದದ್ದು ಬಸ್ಸಿನಲ್ಲಿ. ಅಣ್ಣನಿಂದ ತಮ್ಮನಿಗೆ, ಗುರುವಿನಿಂದ ಶಿಷ್ಯನಿಗೆ ಬರುವಾಗ ಹೀಗಾಗುತ್ತದೆ. ಸರ್ ಇದ್ದಿದ್ದರೆ ತಾವೇ ಕೆಂಪು ಪೆನ್ನು ತೆಗೆಯುತ್ತಿದ್ದರು.

ಈ ಸಂಚಿಕೆಯಲ್ಲಿ ಐವತ್ತು ವರ್ಷಗಳ ಪ್ರಥಮ ಸ್ಥಾನ ಪಡೆದವರ ಪಟ್ಟಿ ಬರುತ್ತದೆ ಎಂದು ಕೇಳಿದ್ದೇನೆ. ಬರಲಿ, ಅದು ಶಾಲೆಗೆ ಹೆಮ್ಮೆ. ಅದರ ಜೊತೆಗೆ ಸಮಿತಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಶಾಲೆಯ ಹಾಜರಿ ಪುಸ್ತಕಗಳಲ್ಲಿ ಹತ್ತನೇ ತರಗತಿಯವರೆಗೆ ಬಂದ ಎಲ್ಲರ ಹೆಸರೂ ಇರುತ್ತವೆ. ಪಾಸಾದವರು, ಆಗದವರು ಎನ್ನದೆ ಅವರೆಲ್ಲರಿಗೂ ಆಮಂತ್ರಣ ಹೋಗಲಿ. ಅರ್ಧ ಮೈಲಿ ದೂರದ ಒಂದು ಅಂಗಡಿಗೆ ನಾನೇ ಕೈಯಾರೆ ಕೊಂಡೊಯ್ದು ಕೊಡುತ್ತೇನೆ.

"ನೋಡ್ತೀನಿ" ಎಂದಿದ್ದಾನೆ ಗೆಳೆಯ. ಸಮಾರಂಭದ ದಿನ ಒಂಬತ್ತನೇ ತರಗತಿಯ ಕೋಣೆಯಲ್ಲಿ, ಎಡಗಡೆಯ ಮೂರನೇ ಬೆಂಚಿನಲ್ಲಿ ಅವನಿಗೆ ಜಾಗ ಹಿಡಿದಿಟ್ಟಿರುತ್ತೇನೆ.